ವಾರದ ಮಾತ್ರೆ

ಸಾಹೇಬರ ಮಗ ಮೊನ್ನೆ ಬಂದು ಬಾಗಿಲಲ್ಲೇ ನಿಂತು, "ಅತ್ತೆ, ಅಪ್ಪನ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡ್ತಾ ಇದೀವಿ. ಗೊತ್ತಿದ್ದೋರೆಲ್ಲ ನಾಕ್ ನಾಕು ಒಳ್ಳೇ ಮಾತು ಬರ್ಕೊಡ್ತಾ ಅವ್ರೆ. ನೀವೂ ಬರ್ಕೊಡ್ರಿ" ಎಂದ. ಬರೆಯುತ್ತೇನೆ ಎಂದೆ. ಒಳ್ಳೇ ಮಾತು ಅನ್ನುವುದನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಮೂರು ದಿನದಿಂದ ನೋಟ್‌ಬುಕ್ಕು ಹಿಡಿದು ಕೂರುತ್ತಿದ್ದೇನೆ. ಒಳ್ಳೇ ಮಾತು ಹುಡುಕಿದರೆ ಕೋಪ ಬರುತ್ತದೆ. ಹೋದ ತಿಂಗಳು ತೀರಿಕೊಂಡ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳಬಾರದು ಎಂದು ನನಗೂ ಗೊತ್ತು. ಆದರೆ ಮೂವತ್ತು ವರ್ಷಕ್ಕೂ ಮೇಲೆ ನನ್ನ ಜೀವ ತಿಂದವರು ಅವರು. ಸತ್ತರೆಂದು ಅದೆಲ್ಲ ಎಲ್ಲಿಗೆ ಹೋಗುತ್ತದೆ. ಇದರ ನಡುವೆ ನನ್ನ ಮೊಮ್ಮಗಳು ಬೇರೆ. ಆರು ತಿಂಗಳ ಕೂಸು, ದೂರದ ಟಾಂಜಾನಿಯಾ ದೇಶದಿಂದ ತಾಯಿಯ ಜೊತೆ ಬಂದು ಹತ್ತು ದಿನವಾಯಿತು. ನಾನು ಬರೆಯಲು ಕೂತರೆ ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ಹಾಳೆಯ ತುದಿ ಬಾಯಿಗಿಡುತ್ತಾಳೆ. ಕೆಳಗಡೆ ಒಂದು ಹಲ್ಲು ಮೂಡಿದೆ, ಅಕ್ಕಿ ನುಚ್ಚಿನಷ್ಟು. ನಕ್ಕರೆ ಅದೊಂದೇ ಕಾಣುತ್ತದೆ. ಆ ಹಲ್ಲಿನ ಬಗ್ಗೆ ಬರೆಯಿರಿ ಎಂದಿದ್ದರೆ ಇಷ್ಟೊತ್ತಿಗೆ ಪುಸ್ತಕವೇ ಮುಗಿದಿರುತ್ತಿತ್ತು. ಸಾಹೇಬರ ಬಗ್ಗೆ ಬರೆಯಬೇಕಲ್ಲ, ಬರೆಯುತ್ತೇನೆ.

ಸಾಹೇಬರು ಎಂದರೆ ದೊಡ್ಡ ಆಫೀಸರು ಎಂದುಕೊಳ್ಳಬೇಡಿ. ಸರ್ಕಾರದ ಮಲೇರಿಯಾ ಕೆಲಸದವರು. ಊರೂರು ಸುತ್ತಿ, ಜ್ವರ ಬಂದವರ ಬೆರಳು ಚುಚ್ಚಿ, ಒಂದು ತೊಟ್ಟು ರಕ್ತವನ್ನು ಗಾಜಿನ ಚೂರಿನ ಮೇಲೆ ಸವರಿಕೊಂಡು ಹೋಗುವವರು. ಮೊಳಕಾಲ್ಮೂರಿನ ಆಚೆ ಕಡೆಯವರು, ಮನೆಮಾತು ತೆಲುಗು. ಉದ್ದಕ್ಕೆ, ಒಣಕಲು. ಜೇಬಿನಲ್ಲಿ ಒಂದು ಮೊಂಡು ಪೆನ್ಸಿಲ್ಲು. ಬಂದ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಅದರಲ್ಲಿ ತಾರೀಖು ಬರೆದು ಗೆರೆ ಎಳೆಯುತ್ತಿದ್ದರು. ಹಬ್ಬಕ್ಕೆ ಸುಣ್ಣ ಬಳಿದ ಮಾರನೆಯ ದಿನವೇ ಬಂದು ಬರೆಯುತ್ತಿದ್ದರು. ನಾನು ಹೊಸದಾಗಿ ಕೊಂಡ್ಲಹಳ್ಳಿಗೆ ಸೊಸೆಯಾಗಿ ಬಂದಾಗ ಅವರನ್ನು ಮೊದಲು ನೋಡಿದ್ದು ಹಾಗೆಯೇ. ಬೆಳ್ಳಗೆ ಬಳಿದ ಗೋಡೆಯ ಮೇಲೆ ಕಡ್ಡಿಯ ಹಾಗಿರುವ ಒಬ್ಬ ಮನುಷ್ಯ ಗೀಚುತ್ತಾ ನಿಂತಿದ್ದಾನೆ. ನಾನು ಯಾರೋ ಮನೆ ಮುಟ್ಟುಗೋಲು ಹಾಕಲು ಬಂದಿದ್ದಾರೆಂದು ಹೆದರಿ ನಮ್ಮ ಅತ್ತೆಯನ್ನು ಕೂಗಿದೆ. ಅತ್ತೆ ಒಳಗಿಂದಲೇ, "ಬಾಯ್ತೆಗಿ ಸಾಹೇಬ್ರು ಕಣೆ, ಹೆದರ್ಕಬ್ಯಾಡ. ಬಾಯಿ ಮಾತ್ರ ಮುಚ್ಕಂಡಿರು" ಎಂದರು.

ಬಾಯ್ತೆಗಿ ಸಾಹೇಬರು. ಕೊಂಡ್ಲಹಳ್ಳಿಯಿಂದ ಬಿ.ಜಿ. ಕೆರೆಯವರೆಗೆ ಅದೇ ಹೆಸರು. ಮಾತ್ರೆ ಕೊಟ್ಟು ಹೋಗುವ ಜಾತಿಯವರಲ್ಲ ಅವರು. ಎದುರಿಗೇ ನುಂಗಿಸಿ, "ಬಾಯ್ ತೆಗಿ" ಎಂದು, "ನಾಲಿಗೆ ಎತ್ತು" ಎಂದು, ಬಗ್ಗಿ ಒಳಗೆ ನೋಡುತ್ತಿದ್ದರು. ಕುದುರೆ ಕೊಳ್ಳಲು ಬಂದವರ ಹಾಗೆ. ನಮ್ಮ ಅತ್ತೆ ಮಾತ್ರೆಯನ್ನು ನಾಲಿಗೆಯ ಕೆಳಗೂ ಇಡದೆ ಕೆನ್ನೆಯ ಮೂಲೆಗೆ ಒತ್ತಿಕೊಂಡು, ಅವರು ಹೋದ ಮೇಲೆ ಅಂಗಳಕ್ಕೆ ಉಗಿಯುತ್ತಿದ್ದರು. ಒಂದು ದಿನ ಉಗಿದದ್ದನ್ನು ಕೋಳಿ ಕುಕ್ಕಿತು, ಕಹಿಗೆ ತಲೆ ಕೊಡವಿಕೊಂಡು ಓಡಿತು. ಸಾಹೇಬರು ಇನ್ನೂ ಪಕ್ಕದ ಮನೆಯ ಗೋಡೆ ಬರೆಯುತ್ತಿದ್ದರು. ನೋಡಿಬಿಟ್ಟರು. ವಾಪಸ್ ಬಂದು ಅತ್ತೆಯ ಮುಂದೆ ಕೂತರು.

"ಏನಜ್ಜಿ, ಕೋಳಿಗೆ ಜ್ವರ ಬಂದಿತ್ತಾ?"

"ಅದಕ್ಕೇನ್ ಗೊತ್ತಪ್ಪ, ಬಿದ್ದಿದ್ದು ತಿಂತೈತೆ."

"ಸರೇ. ಇನ್ನೊಂದು ತಗ. ಇವತ್ತು ನಾನು ನಿಮ್ಮನೇಲೇ ಕೂತಿರ್ತೀನಿ. ಮೊದ್ಲು ಹೇಳು, ಉಂಡ್ಯಾ? ಏನ್ ಉಂಡೆ? ಯಾವಾಗ ಉಂಡೆ?"

ಇದು ಅವರ ಇನ್ನೊಂದು ಕಾಟ. ಊಟ ಆಯಿತಾ ಎಂದು ನಮ್ಮ ಕಡೆ ಎಲ್ಲರೂ ಕೇಳುತ್ತಾರೆ, ಅದು ಮಾತಿಗೆ. ಇವರಿಗೆ ಅದು ಪೊಲೀಸ್ ವಿಚಾರಣೆ. ಉಂಡೆ ಎಂದರೆ ಸಾಲದು, ಏನು ಎಂದು ಹೇಳಬೇಕು. ಮುದ್ದೆ ಎಂದರೆ ಎಷ್ಟು ಹೊತ್ತಾಯಿತು ಎಂದು ಹೇಳಬೇಕು. ಅವರು ಕೊಡುತ್ತಿದ್ದ ಮಾತ್ರೆ ಖಾಲಿ ಹೊಟ್ಟೆಗೆ ಬಿದ್ದರೆ ತಲೆ ಸುತ್ತಿ ವಾಂತಿ ಬರುತ್ತಿತ್ತು, ಅದಕ್ಕೆ ಕೇಳುತ್ತಿದ್ದರು. ಆದರೆ ಕೇಳಿ ಕೇಳಿ ಅದೇ ಚಟವಾಗಿಹೋಗಿತ್ತು. ಬಸ್ಸಿನಲ್ಲಿ ಸಿಕ್ಕಿದರೂ ಕೇಳುವುದೇ, ಸಂತೆಯಲ್ಲಿ ಸಿಕ್ಕಿದರೂ ಕೇಳುವುದೇ. ಕೋಪ ಬಂದಾಗ ಉಂಡ್ಯಾ ಇಲ್ವಾ ಎನ್ನುವುದನ್ನೇ ತೆಲುಗಿಗೆ ತಿರುಗಿಸಿ, "ಅನ್ನಂ ತಿನ್ನಾವಾ ಲೇದಾ?" ಎನ್ನುತ್ತಿದ್ದರು. ಅದು ಬಂತೆಂದರೆ ಮಾತ್ರೆ ನುಂಗುವುದೇ ವಾಸಿ.

ಬಾನಿಯ ಜಗಳವನ್ನು ನಾನು ಇವತ್ತಿಗೂ ಮರೆತಿಲ್ಲ. ನಮ್ಮಲ್ಲಿ ನೀರು ಎಂದರೆ ಗೊತ್ತಲ್ಲ. ಬೆಳಿಗ್ಗೆ ಎದ್ದು ಆರು ಕೊಡ ಹೊತ್ತು ಕಲ್ಲಿನ ಬಾನಿ ತುಂಬಿಸಿ, ಅದನ್ನು ನಾಲ್ಕು ದಿನ ಮುಟ್ಟಿಯೂ ಮುಟ್ಟದ ಹಾಗೆ ಬಳಸುತ್ತಿದ್ದೆವು. ಇವರು ಬಂದು ಬಾನಿಗೆ ಬಗ್ಗಿ, "ಹುಳ ಆಗೈತೆ, ಸೊಳ್ಳೆ ಮರಿ" ಎಂದು ಅಷ್ಟೂ ನೀರನ್ನು ಅಂಗಳಕ್ಕೆ ಮಗುಚಿಬಿಟ್ಟರು. ನಾನು ಆಗ ಬಸುರಿ. ಇವತ್ತು ಇಲ್ಲಿ ಬಂದು ಕೂತಿರುವ ಮಗಳೇ ಹೊಟ್ಟೆಯಲ್ಲಿ. ಅಳು ಬಂತು, ಬಾಯಿಗೆ ಬಂದದ್ದೆಲ್ಲ ಬೈದೆ. ನಿನ್ನ ಹೆಂಡತಿ ಹೊರುತ್ತಾಳಾ ನೀರು ಎಂದೆ. ಅವರು ಎರಡು ಕೊಡ ತೆಗೆದುಕೊಂಡು ಸೈಕಲ್ಲಿಗೆ ಕಟ್ಟಿಕೊಂಡು ಹೋದರು. ಮೂರು ಸಲ ಹೋಗಿ ಬಂದರು. ಆರು ಕೊಡ ತುಂಬಿಸಿ, ಬಾನಿಯ ಮೇಲೆ ಒಂದು ಹಳೇ ಸೀರೆ ಕಟ್ಟಿ, ಬೆವರು ಒರೆಸಿಕೊಂಡು, "ನೀರು ತಂದೀನಿ. ಬೈದಿದ್ದು ವಾಪಸ್ ತಗ" ಎಂದರು. ನಾನು ತೆಗೆದುಕೊಳ್ಳಲಿಲ್ಲ.

ಆಮೇಲೆ ನಮ್ಮೆಜಮಾನರಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಹಮಾಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ನಾನೂ ಅದೇ ಮಿಲ್ಲಿನ ಅಂಗಳದಲ್ಲಿ ಇಪ್ಪತ್ತು ವರ್ಷ ಶೇಂಗಾ ಬೀಜ ಆರಿಸಿದೆ. ಸಾಹೇಬರಿಂದ ಬಿಡುಗಡೆಯಾಯಿತು ಎಂದುಕೊಂಡಿದ್ದೆ. ಅವರು ರಿಟೈರಾಗಿ, ಇಷ್ಟು ದೊಡ್ಡ ಚಳ್ಳಕೆರೆಯಲ್ಲಿ ಅಷ್ಟೊಂದು ಬೀದಿ ಇರುವಾಗ, ನಮ್ಮ ಮನೆಯಿಂದ ಎರಡನೇ ಬೀದಿಯಲ್ಲೇ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಕರೆಯಲು ಬಂದವರು ನಮ್ಮ ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದರು. ನಮ್ಮೆಜಮಾನರು ಬದುಕಿದ್ದರು ಆಗ. "ಬಾ ಸಾಹೇಬ, ಕುಡಿಯೋಕೆ ಬೇಕಾದ್ರೆ ಲೋಟದಲ್ಲಿ ಕೊಡ್ತೀವಿ" ಎಂದು ನಕ್ಕರು. ಸಾಹೇಬರಿಗೆ ನಗು ಬರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಅಳಿಯ ಅದೇ ಮಿಲ್ಲಿನ ಫಿಟ್ಟರು. ಇಲ್ಲಿ ಮಿಲ್ಲುಗಳು ಒಂದೊಂದೇ ಮುಚ್ಚುತ್ತಾ ಬಂದಾಗ, ಟಾಂಜಾನಿಯಾದಲ್ಲಿ ಯಾರೋ ಗುಜರಾತಿ ಸೇಟುಗಳು ನಡೆಸುವ ಎಣ್ಣೆ ಮಿಲ್ಲಿಗೆ ಕೈ ಪಳಗಿದ ಫಿಟ್ಟರು ಬೇಕೆಂದು ಕರೆಸಿಕೊಂಡರು. ಮಗಳೂ ಹೋದಳು. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಿರಲಿಲ್ಲ. ಹೋಗದ ಆಸ್ಪತ್ರೆಯಿಲ್ಲ, ಕಟ್ಟದ ಹರಕೆಯಿಲ್ಲ. ನಾನಂತೂ ಕೇಳುವುದನ್ನೇ ಬಿಟ್ಟಿದ್ದೆ. ಒಂದು ದಿನ ಫೋನಿನಲ್ಲಿ, "ಅವ್ವ, ಕೂತ್ಕ" ಎಂದಳು. ಕೂತೆ. "ಮೂರು ತಿಂಗಳಾತು" ಎಂದಳು. ನಾನು ಒಲೆಯ ಮೇಲಿದ್ದ ಸಾರು ಸೀದು ವಾಸನೆ ಬೀದಿಗೆ ಬರುವವರೆಗೆ ಅಳುತ್ತಾ ನಗುತ್ತಾ ಕೂತಿದ್ದೆ.

ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಅವಳಿಗೆ ನಡುವೆ ಸ್ವಲ್ಪ ತೊಂದರೆಯಾಗಿ, ವಿಮಾನ ಹತ್ತಬಾರದು ಎಂದು ಅಲ್ಲಿನ ಡಾಕ್ಟರು ಹೇಳಿದರು. ಸರಿ, ಮಗಳು ತವರಿಗೆ ಬರದಿದ್ದರೆ ತವರೇ ಅಲ್ಲಿಗೆ ಹೋಗುತ್ತದೆ ಎಂದೆ. ಬಳ್ಳಾರಿ ದಾಟಿ ಆಚೆ ಹೋಗದ ನಾನು ಪಾಸ್‌ಪೋರ್ಟು ಮಾಡಿಸಿದೆ. ಹೆರಿಗೆಗೆ ಮುಂಚೆ ತಲುಪಬೇಕು, ಹುಟ್ಟಿದ ಕೂಸನ್ನು ಮೊದಲು ನನ್ನ ಕೈಗೆ ಕೊಡಬೇಕು, ಮೊದಲ ನೀರು ನಾನು ಹಾಕಬೇಕು. ನನ್ನ ಆಸೆ ಇಷ್ಟೇ. ಒಣಕೊಬ್ಬರಿ, ಅಂಟು, ಬೆಳ್ಳುಳ್ಳಿ, ಸಬ್ಬಸಿಗೆ ಬೀಜ, ಮೆತ್ತಗಾದ ಹಳೇ ಹತ್ತಿ ಸೀರೆಗಳು, ಬಾಣಂತನದ ಸಾಮಾನೆಲ್ಲ ಗಂಟು ಕಟ್ಟಿದೆ. ಬುಧವಾರದ ವಿಮಾನ, ಗುರುವಾರ ಬೆಳಿಗ್ಗೆ ಮಗಳ ಮನೆ. ಹೆರಿಗೆಗೆ ಅಲ್ಲಿಂದ ಇನ್ನೂ ಹನ್ನೆರಡು ದಿನ.

ಆ ದೇಶದಲ್ಲಿ ಮಲೇರಿಯಾ ಜಾಸ್ತಿ. ಇಲ್ಲಿ ಡಾಕ್ಟರ ಹತ್ತಿರ ಹೋಗಿ ಮುಂಜಾಗ್ರತೆಯ ಮಾತ್ರೆ ಬರೆಸಿಕೊಳ್ಳಬೇಕೆಂದು ಅಳಿಯ ಹೇಳಿದ. ಹೋದೆ. ಡಾಕ್ಟರು, "ಇದು ವಾರದ ಮಾತ್ರೆ ಕಣಮ್ಮ. ಹೋಗೋಕೆ ಎರಡು ವಾರಕ್ಕಿಂತ ಮುಂಚೆನೇ ಶುರು ಮಾಡ್ಬೇಕು. ಅಲ್ಲಿ ಇರೋವರೆಗೂ ತಗೋಬೇಕು, ವಾಪಸ್ ಬಂದ ಮೇಲೂ ನಾಲ್ಕು ವಾರ ಬಿಡಬಾರ್ದು" ಎಂದರು.

"ಯಾವ ವಾರ ತಗಳ್ಳಿ ಸಾರ್? ನಂದು ಸೋಮವಾರ."

"ಸೋಮವಾರನೇ ಇರ್ಲಿ. ಪ್ರತಿ ಸಲ ಅದೇ ವಾರ. ತಪ್ಪಿಸ್ಬೇಡಿ."

ಇಲ್ಲಿ ನನ್ನ ತಪ್ಪೇನು ಹೇಳಿ. ನಮ್ಮ ಕಡೆ ವಾರ ಎಂದರೆ ಏಳು ದಿನವೂ ಹೌದು, ಮನೆದೇವರ ದಿನವೂ ಹೌದು. ನನಗೆ ಸೋಮವಾರ ವಾರ. ವಾರ ಹಿಡಿಯುವುದೆಂದರೆ ತಲೆಗೆ ನೀರು ಹಾಕಿಕೊಂಡು, ಪೂಜೆ ಮಾಡಿ, ಹೊತ್ತು ಮುಳುಗುವವರೆಗೆ ಹೊಟ್ಟೆಗೆ ಏನೂ ತೆಗೆದುಕೊಳ್ಳದೆ ಇರುವುದು. ಮದುವೆಯಾದಾಗಿನಿಂದ ಒಂದು ಸೋಮವಾರ ಬಿಟ್ಟಿಲ್ಲ. ಡಾಕ್ಟರು ವಾರದ ಮಾತ್ರೆ ಎಂದರು, ಸೋಮವಾರ ಎಂದರು, ತಪ್ಪಿಸಬೇಡಿ ಎಂದರು. ಊಟ ಆದ ಮೇಲೆ ತುಂಬಾ ನೀರು ಕುಡಿದು ನುಂಗಬೇಕು ಎಂದೂ ಹೇಳಿದ್ದರಂತೆ. ಹೇಳಿರಬಹುದು. ನನ್ನ ಕಿವಿ ವಾರ ಎನ್ನುವಲ್ಲಿಗೇ ನಿಂತುಬಿಟ್ಟಿತ್ತು. ಮಗಳ ಹೆರಿಗೆಗೆ ಹೊರಟಿರುವಾಗ ದೇವರ ವಾರದಲ್ಲೇ ಮಾತ್ರೆಯೂ ಕೂಡಿಬಂತಲ್ಲ ಎಂದು ಖುಷಿಪಟ್ಟೆ. ಸೋಮವಾರ ಮಡಿಯುಟ್ಟು, ಪೂಜೆ ಮುಗಿಸಿ, ಖಾಲಿ ಹೊಟ್ಟೆಯಲ್ಲಿ, ತೀರ್ಥ ತೆಗೆದುಕೊಂಡ ಹಾಗೆ ಅಂಗೈಯಲ್ಲಿ ಒಂದು ಗುಟುಕು ನೀರು ಹಿಡಿದು ಮಾತ್ರೆ ನುಂಗಿದೆ.

ಹತ್ತು ನಿಮಿಷಕ್ಕೆ ದೇವರ ಮನೆ ತಿರುಗತೊಡಗಿತು. ಬಚ್ಚಲಿಗೆ ಹೋಗುವಷ್ಟರಲ್ಲಿ ಮಾತ್ರೆಯೂ ಬಂತು, ತೀರ್ಥವೂ ಬಂತು. ಮುಂದಿನ ಸೋಮವಾರ ಮತ್ತೆ ಹಾಗೆಯೇ. ನನಗೆ ಭಯವಾಯಿತು. ಮಾತ್ರೆ ಮೈಗೆ ಒಗ್ಗದಿದ್ದರೆ ಹೋಗಬೇಡ ಎನ್ನುತ್ತಾರೆ. ಯಾರಿಗೂ ಹೇಳುವುದು ಬೇಡ, ಮಾತ್ರೆ ಬಿಟ್ಟೇ ಹೋಗಿಬಿಡುತ್ತೇನೆ ಎಂದು ತೀರ್ಮಾನ ಮಾಡಿದೆ. ಉಳಿದವನ್ನು ಅಕ್ಕಿ ಡಬ್ಬಿಯ ಹಿಂದೆ ತಳ್ಳಿದೆ.

ಸಾಹೇಬರು ಅಲ್ಲಿಯವರೆಗೆ ಊರಲ್ಲಿರಲಿಲ್ಲ. ಮೊಳಕಾಲ್ಮೂರಿನಲ್ಲಿ ಅಕ್ಕನ ಮನೆಗೆ ಹೋಗಿದ್ದವರು ಆ ಎರಡನೇ ಸೋಮವಾರ ಮಧ್ಯಾಹ್ನವೇ ಬಂದು ವಕ್ಕರಿಸಿದರು. ನಾನು ವಾಂತಿ ಮಾಡಿ ಸುಸ್ತಾಗಿ ಗೋಡೆಗೆ ಒರಗಿದ್ದೆ.

"ಏನಮ್ಮ, ವಿಮಾನ ಹತ್ತೋ ಮೊದಲೇ ತೂಗಾಡ್ತಾ ಇದೀಯ. ಮಾತ್ರೆ ಶುರು ಮಾಡಿದ್ಯಾ?"

"ಮಾಡಿದೀನಿ ಹೋಗಿ."

"ಇವತ್ತಿಂದು ಆತಾ?"

"ಆತು."

"ಉಂಡ್ಯಾ?"

"ಉಂಡೆ."

"ಏನ್ ಉಂಡೆ?"

"ರೊಟ್ಟಿ, ಬದ್ನೇಕಾಯಿ."

ಸುಮ್ಮನೆ ಹೋಗಬಾರದೇ. ಅಡುಗೆಮನೆಗೆ ಇಣುಕಿ ನೋಡಿದರು. ಒಲೆ ತಣ್ಣಗಿತ್ತು. ದೇವರ ಮುಂದೆ ದೀಪ ಉರಿಯುತ್ತಿತ್ತು. ನನ್ನ ಹಣೆ ನೋಡಿದರು, ಒದ್ದೆ ತಲೆ ನೋಡಿದರು. ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಇಟ್ಟು ಏನೋ ಎಣಿಸಿದರು. ಲೆಕ್ಕ ಹಾಕುವಾಗ ಅವರದು ಯಾವಾಗಲೂ ಹಾಗೆಯೇ.

"ಇವತ್ತು ಸೋಮವಾರ. ನೀನು ಕೊಂಡ್ಲಹಳ್ಳೀಲಿ ಇದ್ದಾಗಿಂದ ಸೋಮವಾರ ಉಂಡೋಳಲ್ಲ. ಅನ್ನಂ ತಿನ್ನಾವಾ ಲೇದಾ?"

ತೆಲುಗು ಬಂತು. ಎಲ್ಲಾ ಹೇಳಿಬಿಟ್ಟೆ. ವಾರದ ಮಾತ್ರೆ ಎಂದು ಡಾಕ್ಟರೇ ಹೇಳಿದ್ದರು ಎಂದೂ ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಹೊಸಿಲ ಮೇಲೆ ಕೂತರು.

"ಅಲ್ಲಮ್ಮ, ದೇವರ ವಾರಕ್ಕೂ ಮಾತ್ರೆ ವಾರಕ್ಕೂ ಏನ್ ಸಂಬಂಧ? ವಾರಕ್ಕೊಂದು ಅಂದ್ರೆ ಏಳು ದಿನಕ್ಕೊಂದು. ಉಪವಾಸಕ್ಕೊಂದು ಅಲ್ಲ."

"ನಂಗೇನ್ ಗೊತ್ತು. ನಿಮ್ಮ ಸರ್ಕಾರದೋರು ಬೇರೆ ಮಾತು ಇಟ್ಕಬೇಕಿತ್ತು."

"ವಾಂತಿ ಆಗಿದ್ದು ಯಾಕೆ ಮುಚ್ಚಿಟ್ಟೆ?"

"ಕಳಿಸಲ್ಲ ಅಂತೀರಿ ಅಂತ."

ಮಾರನೆಯ ದಿನ ಬೆಳಿಗ್ಗೆ ಹೊಟ್ಟೆ ತುಂಬಾ ಉಪ್ಪಿಟ್ಟು ತಿನ್ನಿಸಿ, ಮಾತ್ರೆಯ ಪಟ್ಟಿ ಕೈಯಲ್ಲಿ ಹಿಡಿದು, ಕಳ್ಳನನ್ನು ಹಿಡಿದುಕೊಂಡು ಹೋದ ಹಾಗೆ ಡಾಕ್ಟರ ಮುಂದೆ ಕೂರಿಸಿದರು. ಡಾಕ್ಟರು ಮತ್ತೊಮ್ಮೆ ಎಲ್ಲ ಕೇಳಿದರು. ಮೂರ್ಛೆ ಬರುತ್ತಾ, ಮನಸ್ಸಿನ ಕಾಯಿಲೆ ಏನಾದರೂ ಇತ್ತಾ, ಎದೆಬಡಿತದ ತೊಂದರೆ ಇದೆಯಾ, ಬೇರೆ ಏನು ಔಷಧಿ ತೆಗೆದುಕೊಳ್ಳುತ್ತೀರಿ. ಅಂಥದ್ದು ಇದ್ದವರಿಗೆ ಈ ಮಾತ್ರೆ ಆಗುವುದಿಲ್ಲವಂತೆ. ನಾನು ಬಾಯಿ ತೆಗೆಯುವ ಮುಂಚೆ ಸಾಹೇಬರೇ, "ಇಲ್ಲ ಸಾರ್. ಮೂವತ್ತು ವರ್ಷದಿಂದ ನೋಡ್ತಾ ಇದೀನಿ, ಜಗಳ ಒಂದು ಬಿಟ್ರೆ ಬೇರೆ ಕಾಯ್ಲೆ ಇಲ್ಲ" ಎಂದರು. ಡಾಕ್ಟರು ನಕ್ಕು, "ಅವ್ರೇ ಹೇಳ್ಲಿ ಬಿಡ್ರಿ" ಎಂದು ನನ್ನ ಬಾಯಿಂದಲೇ ಒಂದೊಂದೂ ಹೇಳಿಸಿಕೊಂಡರು.

ವಾಂತಿಯಾದ ಎರಡೂ ಲೆಕ್ಕಕ್ಕಿಲ್ಲ ಎಂದಾಯಿತು. ಇವತ್ತು ಮಂಗಳವಾರ, ಇವತ್ತಿನಿಂದ ಹೊಸದಾಗಿ ಶುರು, ಊಟದ ಮೇಲೆ, ತಂಬಿಗೆ ನೀರಿನ ಜೊತೆ. ನನ್ನ ವಿಮಾನಕ್ಕೆ ಎಂಟೇ ದಿನ ಉಳಿದಿತ್ತು. ಡಾಕ್ಟರು ಪೆನ್ನು ತಿರುಗಿಸುತ್ತಾ, "ದಿನಾ ತಗೊಳ್ಳೋ ಬೇರೆ ಮಾತ್ರೆ ಐತೆ, ಅದನ್ನ ಎರಡು ದಿನ ಮುಂಚೆ ಶುರು ಮಾಡಿದ್ರೆ ಸಾಕು. ಬುಧವಾರನೇ ಹೋಗ್ಬಹುದು" ಎಂದರು. ನನಗೆ ಜೀವ ಬಂತು.

ಸಾಹೇಬರು ಅಡ್ಡ ಬಾಯಿ ಹಾಕಿದರು. "ಸಾರ್, ಇವ್ಳು ಇರೋದು ನಾಲ್ಕು ತಿಂಗಳು. ಮಗು ಹುಟ್ಟಿದ ಮನೆ. ದಿನಾ ಮಾತ್ರೆ ಅಂದ್ರೆ ಇವ್ಳು ನಾಲ್ಕನೇ ದಿನಕ್ಕೆ ಮರೀತಾಳೆ. ವಾರಕ್ಕೊಂದಾದ್ರೆ ಮರೆಯಲ್ಲ, ವಾರ ಹಿಡಿದು ಅಭ್ಯಾಸ ಐತೆ. ಈ ಮಾತ್ರೆ ಮೈಗೆ ಒಗ್ಗುತ್ತಾ ಅಂತ ಇಲ್ಲೇ ಮೂರು ಸಲ ನೋಡಿ ಕಳ್ಸೋಣ. ಟಿಕೇಟು ಮುಂದೆ ಹಾಕಿಸ್ಲಿ."

ಡಾಕ್ಟರು ಯೋಚನೆ ಮಾಡಿ, ಅಷ್ಟು ದಿನ ಇರುವವರಿಗೆ ಅದೂ ಸರಿಯೇ, ನೀವೇ ಹೇಳಿ ಎಂದು ನನ್ನ ಮುಖ ನೋಡಿದರು. ನನಗೆ ಏನು ಗೊತ್ತಾಗುತ್ತದೆ. ಸಾಹೇಬರು, "ಹೆರಿಗೆಗೆ ಇನ್ನೂ ದಿನ ಐತಮ್ಮ. ಅದರೊಳಗೆ ಮುಟ್ತೀಯ. ನೀನೇ ಜ್ವರ ಹೊತ್ಕಂಡು ಬಾಣಂತಿ ಮನೇಲಿ ಮಲಗಿದ್ರೆ ನಿಂಗೆ ಬಾಣಂತನ ಮಾಡೋರ್ಯಾರು?" ಎಂದರು. ಆ ಮಾತಿಗೆ ಸೋತೆ. ವಿಮಾನ ಆ ಬುಧವಾರ ಬಿಟ್ಟು ಅದರ ಮುಂದಿನ ವಾರದ ಶುಕ್ರವಾರಕ್ಕೆ ಹೋಯಿತು.

ಆಮೇಲೆ ದಿನಾ ಬೆಳಿಗ್ಗೆ ಬಂದು, "ತಲೆ ಸುತ್ತುತಾ? ಕೆಟ್ಟ ಕನಸು ಬಿತ್ತಾ? ಮನಸ್ಸಿಗೆ ಕಳವಳ ಏನಾರ?" ಎಂದು ಕೇಳುವುದು. ಈ ಮಾತ್ರೆ ಕೆಲವರಿಗೆ ಹಾಗೆ ಮಾಡುತ್ತದಂತೆ, ಮಾಡಿದರೆ ತಕ್ಷಣ ಡಾಕ್ಟರಿಗೆ ಹೇಳಬೇಕಂತೆ. ಒಂದು ದಿನ, "ಬಿತ್ತು ಸಾಹೇಬ್ರೆ. ನೀವು ನಮ್ಮ ಬಾನಿಯೊಳಗೆ ಬಿದ್ದಂಗೆ ಬಿತ್ತು" ಎಂದೆ. "ಅದು ಮಾತ್ರೆ ಕನಸಲ್ಲ, ನಿನ್ನ ಆಸೆ" ಎಂದು ಹೋದರು. ಹೊಟ್ಟೆ ತುಂಬಿದ ಮೇಲೆ ನುಂಗಿದ ಮಾತ್ರೆ ನನಗೆ ಏನೂ ಮಾಡಲಿಲ್ಲ. ವಾಂತಿಯೂ ಇಲ್ಲ, ಸುತ್ತೂ ಇಲ್ಲ. ಅದಕ್ಕೇ ಇನ್ನೂ ಹೊಟ್ಟೆ ಉರಿಯುತ್ತಿತ್ತು. ಹೀಗೆ ಒಗ್ಗುವುದಿದ್ದರೆ ಇಲ್ಲಿ ಕೂತು ನೋಡುವುದೇನಿತ್ತು.

ನಾನು ಮೊದಲು ಹೊರಡಬೇಕಿದ್ದ ಬುಧವಾರ ಕಳೆಯಿತು. ಮಾರನೆಯ ದಿನ ಗುರುವಾರ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳಿಯನ ಫೋನು. "ಅತ್ತೆ, ಹೆಣ್ಣು ಮಗು. ಬ್ಯಾಗನೇ ಆತು. ಇಬ್ರೂ ಚೆನ್ನಾಗವ್ರೆ." ಆ ಕಡೆಯಿಂದ ಕೂಸಿನ ಅಳು ಕೇಳಿಸಿತು. ಬೆಕ್ಕಿನ ಮರಿಯ ಹಾಗೆ ಸಣ್ಣಗೆ. ಒಂಬತ್ತು ವರ್ಷ ಕಾದ ಅಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಬೀದಿಗೆ ಓಡಿ ಕಂಡಕಂಡವರಿಗೆಲ್ಲ ಹೇಳಿದೆ. ಸಕ್ಕರೆ ಡಬ್ಬಿ ತಂದು ಸಿಕ್ಕವರ ಬಾಯಿಗೆಲ್ಲ ಹಾಕಿದೆ. ಎಲ್ಲ ಮುಗಿದ ಮೇಲೆ ಮನೆಯೊಳಗೆ ಬಂದರೆ, ಕಟ್ಟಿಟ್ಟ ಗಂಟು ಮೂಲೆಯಲ್ಲಿ ಕೂತಿದೆ. ನಾನು ಇಲ್ಲಿ, ಕೂಸು ಅಲ್ಲಿ. ಬುಧವಾರ ಹೋಗಿದ್ದರೆ ಅವತ್ತು ಬೆಳಿಗ್ಗೆಯೇ ಅಲ್ಲಿರುತ್ತಿದ್ದೆ.

ಅದೇ ಕಾಲಲ್ಲಿ ಸಾಹೇಬರ ಮನೆಗೆ ಹೋದೆ. ಸಕ್ಕರೆಯನ್ನೂ ತೆಗೆದುಕೊಂಡು ಹೋಗಿದ್ದೆ. ಅವರ ಹೆಂಡತಿಗೆ ಕೊಟ್ಟೆ, ಅವರಿಗೆ ಕೊಡಲಿಲ್ಲ.

"ಯಾಕಪ್ಪ ಅಡ್ಡ ಹಾಕಿದ್ರಿ ನಂಗೆ? ಡಾಕ್ಟ್ರು ದಾರಿ ತೋರಿಸಿದ್ರಲ್ಲ. ಹಿಂದೆ ಯಾರಾದ್ರೂ ನಿಮ್ಮ ಕೈಲಿ ಸತ್ತಿದ್ರಾ, ಆ ಭಯಕ್ಕಾ? ಅದಾದ್ರೂ ಹೇಳ್ರಿ, ಸಮಾಧಾನ ಮಾಡ್ಕಂತೀನಿ."

"ಯಾರೂ ಸತ್ತಿಲ್ಲ."

"ಮತ್ಯಾಕೆ?"

"ಕೆಲಸ ಅಮ್ಮ ಅದು. ಅರ್ಧ ಮಾಡೋಕೆ ಬರಲ್ಲ ನಂಗೆ."

ಇಷ್ಟೇ. ಒಂದು ಕಥೆಯಾದರೂ ಹೇಳಿದ್ದರೆ ಕ್ಷಮಿಸಬಹುದಿತ್ತು. ಇಂಥ ಮನುಷ್ಯನ ಜೊತೆ ಏನು ಜಗಳವಾಡುತ್ತೀರಿ.

ಮುಂದಿನ ವಾರದ ಶುಕ್ರವಾರ ಹೊರಟೆ, ಶನಿವಾರ ಬೆಳಿಗ್ಗೆ ಮುಟ್ಟಿದೆ. ಮಗಳು ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು. ಆ ಹೊತ್ತಿನ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಮೂಗು ನನ್ನದು, ಕಿವಿ ನಮ್ಮೆಜಮಾನರದು. ಹೊಕ್ಕಳು ಆಗಲೇ ಬಿದ್ದು ಒಣಗಿತ್ತು. ಸಾಯಂಕಾಲ ಅಳಿಯ ಸಾಹೇಬರಿಗೆ ವಿಡಿಯೋ ಹಚ್ಚಿದ. ನಾನು ಮುಖ ತಿರುಗಿಸಿಕೊಂಡೇ ಕೂಸನ್ನು ಎತ್ತಿ ಹಿಡಿದೆ. ಯಾರಾದರೂ ಏನು ಅನ್ನುತ್ತಾರೆ, ಮುದ್ದಾಗಿದೆ, ಲಕ್ಷ್ಮಿ ಬಂದಳು ಅನ್ನುತ್ತಾರೆ. ಇವರು, "ಮಗೂನ ಆಮೇಲ್ ತೋರ್ಸು. ಮೊದ್ಲು ತೊಟ್ಲಿನ ಸೊಳ್ಳೆ ಪರದೆ ತೋರ್ಸು. ಹಾಂ, ಆ ಮೂಲೆ. ಅಲ್ಲಿ ತೂತು ಐತೆ ನೋಡು, ಹೊಲಿ. ಕೂಸಿಗೆ ನಿನ್ನ ಮಾತ್ರೆ ಇಲ್ಲ, ಪರದೆನೇ ಮಾತ್ರೆ" ಎಂದರು. ನಾನು ಫೋನು ಆರಿಸಿಬಿಟ್ಟೆ. ಪರದೆ ಹೊಲಿದೆ. ತೂತು ಇತ್ತು.

ನಾಲ್ಕು ತಿಂಗಳು ಮಂಗಳವಾರ ಮಂಗಳವಾರ ಮಾತ್ರೆ ತೆಗೆದುಕೊಂಡೆ, ಉಂಡು. ಸೋಮವಾರ ದೇವರಿಗೆ, ಮಂಗಳವಾರ ಸಾಹೇಬರಿಗೆ ಎಂದು ಮಗಳು ನಗುತ್ತಿದ್ದಳು. ಎದುರು ಮನೆಯ ಗುಜರಾತಿ ಅಜ್ಜಿಯೂ ಮೊಮ್ಮಗನನ್ನು ನೋಡಲು ಬಂದಿದ್ದವರು. ಏನೂ ಆಗಲಿಲ್ಲವಲ್ಲ ಎಂದು ನಡುವೆ ಮಾತ್ರೆ ಬಿಟ್ಟರು. ಚಳಿಜ್ವರ ಹಿಡಿದು ಒಂದು ವಾರ ಆಸ್ಪತ್ರೆಯಲ್ಲಿದ್ದು ಬಂದರು, ಆ ವಾರವಿಡೀ ಮೊಮ್ಮಗನ ಮುಖ ನೋಡಲಿಲ್ಲ. ನನಗೆ ಜ್ವರ ಬರಲಿಲ್ಲ. ಮಾತ್ರೆಯಿಂದ ಬರಲಿಲ್ಲವೋ, ಬರುವುದೇ ಇರಲಿಲ್ಲವೋ, ಯಾರು ಹೇಳುತ್ತಾರೆ. ಸಾಹೇಬರ ಕೆಲಸದ ಹಣೆಬರಹವೇ ಅಷ್ಟು. ಗೆದ್ದದ್ದು ಕಣ್ಣಿಗೆ ಕಾಣುವುದಿಲ್ಲ, ಕಳೆದದ್ದು ಮಾತ್ರ ಕಾಣುತ್ತದೆ.

ವಾಪಸ್ ಬಂದ ಎರಡನೇ ದಿನ ಅವರ ಮನೆಗೆ ಹೋದೆ. ಅಷ್ಟೂ ತಿಂಗಳು ಜಗಳವನ್ನು ಹದ ಮಾಡಿಕೊಂಡೇ ಬಂದಿದ್ದೆ. ನೋಡಿದರೆ ಮಂಚದ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದಾರೆ. ಕಾಲು ಊದಿವೆ. ಎರಡು ಮಾತಿಗೆ ಒಮ್ಮೆ ಉಸಿರು ಎಳೆದುಕೊಳ್ಳುತ್ತಾರೆ. ಹೃದಯ ಸೋತಿದೆ ಎಂದು ಅವರ ಹೆಂಡತಿ ಬಾಗಿಲಲ್ಲೇ ಪಿಸುಗುಟ್ಟಿದರು. ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ನನ್ನ ಕೈಲಾಗಲಿಲ್ಲ.

"ಸಾಹೇಬ್ರೆ, ನಿಮ್ಮ ಮಾತು ಕೇಳಿ ಹತ್ತು ದಿನ ಕಳ್ಕಂಡೆ ನಾನು. ಕೂಸು ಹುಟ್ಟಿ ಹತ್ತು ದಿನ ಅದರ ಮುಖ ನೋಡ್ಲಿಲ್ಲ. ಮೊದಲ ನೀರು ಹಾಕಿದೋಳು ನಾನಲ್ಲ, ಯಾರೋ ಭಾಷೆ ಬರದ ಹೆಂಗಸು. ಯಾವ ಮಾತ್ರೆ ಕೊಟ್ಟು ವಾಪಸ್ ತರ್ತೀರಿ ಅದನ್ನ?"

ಅವರು ಕಣ್ಣು ಮುಚ್ಚಿಕೊಂಡರು. ಊದಿದ ಬೆರಳುಗಳ ಗೆಣ್ಣಿನ ಮೇಲೆ ಹೆಬ್ಬೆರಳು ನಿಧಾನವಾಗಿ ಸರಿಯಿತು.

"ಒಂಬತ್ತು" ಎಂದರು.

"ಏನು?"

"ಹತ್ತಲ್ಲ, ಒಂಬತ್ತು. ಹುಟ್ಟಿದ್ದು ಗುರುವಾರ. ನೀನು ಮುಟ್ಟಿದ್ದು ಆಮೇಲಿನ ಶನಿವಾರ." ಉಸಿರು ಎಳೆದುಕೊಂಡರು. "ನಾನೂ ದಿನಾ ಎಣಿಸ್ತಾ ಇದ್ನಮ್ಮ."

ಹೊರಗೆ ಸೊಪ್ಪಿನವಳು ಕೂಗುತ್ತಾ ಹೋದಳು. "ಒಂಬತ್ತು ಅಂದ್ರೆ ಕಮ್ಮಿ ಆತಾ?" ಎಂದೆ.

"ಇಲ್ಲಮ್ಮ" ಎಂದರು. "ಕಮ್ಮಿ ಆಗಲ್ಲ."